ಹಳೆಯ ತ್ರೀ-ನಾಟ್-ತ್ರೀ: ಲೀ-ಎನ್‌ಫೀಲ್ಡ್ ಕೊಳ್ಳುವುದು, ಪರೀಕ್ಷಿಸುವುದು, ಹೊಡೆಯುವುದು, ತೊಳೆಯುವುದು

ದಶಕಗಟ್ಟಲೆ ಗ್ರೀಸಿನಲ್ಲಿ ಮಲಗಿದ್ದ ಸೈನ್ಯದ ರೈಫಲ್ ಕೈಗೆ ಬಂದ ದಿನವೇ ಅದನ್ನು ರೇಂಜಿಗೆ ಒಯ್ಯಬೇಡಿ. ಲೀ-ಎನ್‌ಫೀಲ್ಡ್ ಎಂಬ ಬ್ರಿಟಿಷ್ ಸೈನ್ಯದ .303 ಇಂಚಿನ ರೈಫಲ್ ಗಟ್ಟಿಮುಟ್ಟಾದ ಯಂತ್ರ, ಸರಿಯಾಗಿ ನೋಡಿಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಗುಂಡು ಹಾರಿಸುತ್ತದೆ. ಅದನ್ನು ಕೆಡಿಸುವುದು ವಯಸ್ಸಿಗಿಂತ ಹೆಚ್ಚಾಗಿ ಹೊಸ ಮಾಲೀಕನ ಆತುರ. ಮೊದಲ ಈಡಿಗೆ ಮುಂಚೆ ಎರಡು ಸಂಜೆ ಬಿಡುವು ಮಾಡಿಕೊಳ್ಳಿ. ಆ ಎರಡು ಸಂಜೆಯಲ್ಲಿ ಏನು ಮಾಡಬೇಕು, ಯಾವ ಕ್ರಮದಲ್ಲಿ, ಯಾಕೆ ಎಂಬುದೇ ಇಲ್ಲಿನ ವಿಷಯ.

ಮೊದಲು ಕಾನೂನು

ಭಾರತದಲ್ಲಿ .303 ನಿಷೇಧಿತ ಬೋರ್ (ನಳಿಗೆಯ ಒಳಅಳತೆ). ಸಾಮಾನ್ಯ ಲೈಸೆನ್ಸಿನ ಮೇಲೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು .303ಕ್ಕೆ ಎಳೆದು ಅನ್ವಯಿಸಿಕೊಳ್ಳಬಾರದು. ನಮ್ಮ ಕಡೆ ಎಸ್ಟೇಟುಗಳಲ್ಲಿ ಕಾಣುವ .315 ರೈಫಲ್ ಇಶಾಪುರದ ಕಾರ್ಖಾನೆ ನಾಗರಿಕರಿಗಾಗಿ ತಯಾರಿಸಿದ್ದು. ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟಿನ ವಿನ್ಯಾಸ ಲೀ-ಎನ್‌ಫೀಲ್ಡಿನದೇ, ತೋಟೆ ಮಾತ್ರ ಪೂರ್ತಿ ಬೇರೆ. ಒಂದರ ತೋಟೆ ಇನ್ನೊಂದಕ್ಕೆ ಎಂದಿಗೂ ಆಗದು.

ಹಾಗಾಗಿ ಈ ಹವ್ಯಾಸ ನಿಜವಾಗಿ ಇರುವುದು ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ. ಅಲ್ಲಿ ನೆಲೆಸಿದ ಕನ್ನಡಿಗರು ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಅಮೆರಿಕದಲ್ಲಿ ಎಚ್-1ಬಿ, ಎಲ್-1, ಎಫ್-1ರಂಥ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕು ಕೊಳ್ಳುವುದನ್ನೂ ಹೊಂದಿರುವುದನ್ನೂ ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದು ವಿನಾಯಿತಿಗಳಲ್ಲಿ ಒಂದು. ಲೈಸೆನ್ಸಿನ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ. ಇಲ್ಲಿ ತಪ್ಪಿದರೆ ವೀಸಾ ಮಾತ್ರವಲ್ಲ, ಜೈಲಿನ ಪ್ರಶ್ನೆ. ವಕೀಲರ ಫೀಸಿಗೆ ಹಿಂದೆಮುಂದೆ ನೋಡಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ, ಆಯಾ ರಾಜ್ಯದ ಕಾನೂನು ಮಾತ್ರ ನೋಡಿಕೊಳ್ಳಬೇಕು. 50 ವರ್ಷ ದಾಟಿದ ಬಂದೂಕುಗಳ ಸಂಗ್ರಾಹಕರಿಗೆಂದೇ ಟೈಪ್ 03 ಲೈಸೆನ್ಸ್ ಇದೆ, ಮೂರು ವರ್ಷಕ್ಕೆ 30 ಡಾಲರ್. ಕೊಂಡದ್ದು, ಮಾರಿದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವ ಹೊಣೆ ಅದರ ಜೊತೆಗೇ ಬರುತ್ತದೆ. ಕೆನಡಾದಲ್ಲಿ ಪಿಎಎಲ್ ಎಂಬ ಬಂದೂಕು ಲೈಸೆನ್ಸ್, ಬ್ರಿಟನ್ನಿನಲ್ಲಿ ಫೈರ್‌ಆರ್ಮ್ ಸರ್ಟಿಫಿಕೇಟ್ ಮತ್ತು ಕ್ಲಬ್ಬಿನ ಸದಸ್ಯತ್ವದಂಥ ಸಕಾರಣ, ಆಸ್ಟ್ರೇಲಿಯಾದಲ್ಲಿ ಕೆಟಗರಿ ಬಿ ಲೈಸೆನ್ಸ್ ಬೇಕು.

ಯಾವುದನ್ನು ಕೊಳ್ಳುವುದು

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಎರಡು ವಂಶ. ಒಂದು, 1907ರಲ್ಲಿ ಬಂದ ಶಾರ್ಟ್ ಮ್ಯಾಗಜಿನ್ ಲೀ-ಎನ್‌ಫೀಲ್ಡ್, ಅಂದರೆ ಎಸ್‌ಎಂಎಲ್‌ಇ ಮಾರ್ಕ್ 3 ಮತ್ತು ಮೊದಲ ಮಹಾಯುದ್ಧದಲ್ಲಿ ಅದನ್ನು ಸರಳಗೊಳಿಸಿದ ಮಾರ್ಕ್ 3-ಸ್ಟಾರ್. ಇವೇ ಮುಂದೆ ನಂ.1 ಎನಿಸಿಕೊಂಡವು. ಮೂತಿಯವರೆಗೂ ಮರ, ಮೊಂಡು ಮೂಗು, ನಳಿಗೆಯ ಮೇಲೆಯೇ ಕೂತ ಹಿಂಬದಿ ಸೈಟ್. ಇನ್ನೊಂದು, ಎರಡನೆಯ ಮಹಾಯುದ್ಧದ ನಂ.4. ಇದರ ನಳಿಗೆ ಭಾರ, ಸೈಟ್ ಕಣ್ಣಿಗೆ ಹತ್ತಿರವಿರುವ ರಂಧ್ರದ್ದು.

ಗುಂಡು ಹೊಡೆಯುವುದೇ ಮುಖ್ಯ ಉದ್ದೇಶವಾದರೆ ಮೊದಲ ರೈಫಲ್ ನಂ.4 ಆಗಲಿ. ಗುರಿ ಹಿಡಿಯುವುದು ಸುಲಭ, ತೋಟೆಯ ಬುಡದ ಅಂಚಿಗೆ ಸಿಗುವ ಜಾಗ, ಅಂದರೆ ಹೆಡ್‌ಸ್ಪೇಸ್ ಸರಿಪಡಿಸುವುದೂ ಸುಲಭ. ಅದರಲ್ಲೂ ಯುದ್ಧಾನಂತರದ ಮಾರ್ಕ್ 2 ಸಿಕ್ಕರೆ ಬಿಡಬೇಡಿ. ಹಿಂದಿನವುಗಳಲ್ಲಿ ಟ್ರಿಗರ್, ಟ್ರಿಗರ್ ಗಾರ್ಡಿಗೆ ಜೋತುಬಿದ್ದಿತ್ತು. ಮಳೆಗೆ ಮರ ಉಬ್ಬಿದರೆ ಎಳೆತವೂ ಬದಲಾಗುತ್ತಿತ್ತು. ಮಾರ್ಕ್ 2ರಲ್ಲಿ ಅದನ್ನು ನೇರ ರಿಸೀವರಿಗೇ (ಬೋಲ್ಟ್ ಓಡಾಡುವ ಉಕ್ಕಿನ ಮೈ) ತೂಗುಹಾಕಿದರು. ಕೆನಡಾದ ಲಾಂಗ್ ಬ್ರಾಂಚ್ ಮತ್ತು ಅಮೆರಿಕದ ಸ್ಯಾವೇಜ್ ಕಾರ್ಖಾನೆಗಳ ಮಾರ್ಕ್ 1-ಸ್ಟಾರ್ ಕೂಡ ಒಳ್ಳೆಯದೇ. ಆದರೆ ಅವುಗಳಲ್ಲಿ ಬೋಲ್ಟ್ ಹೊರತೆಗೆಯಲು ಬೋಲ್ಟ್ ಜಾರುವ ಬಲಗಡೆಯ ಹಳಿಯಲ್ಲಿ ಒಂದು ಕಚ್ಚು ಕತ್ತರಿಸಿರುತ್ತಾರೆ. ಅದರ ಅಂಚು ಒಡೆದಿದ್ದರೆ ಬೋಲ್ಟ್ ಹಿಂದೆ ಮುಂದೆ ಮಾಡುವಾಗ ಅದರ ಮುಂತುದಿಯಾದ ಬೋಲ್ಟ್ ಹೆಡ್ ಹಳಿ ಬಿಟ್ಟು ಹೊರಬರುತ್ತದೆ. ಟಾರ್ಚ್ ಹಿಡಿದು ಆ ಅಂಚನ್ನೇ ನೋಡಿ.

ಇಶಾಪುರದ 2ಎ, 2ಎ1 ನೋಡಲು ಎಸ್‌ಎಂಎಲ್‌ಇ, ಹೊಡೆಯುವುದು 7.62 ಮಿ.ಮೀ. ತೋಟೆ. ಹಳೆಯ .303 ರಿಸೀವರುಗಳನ್ನು ಕೊರೆದು ಮಾಡಿದ್ದೆಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ, ಅದು ತಪ್ಪು. ಇವು 1960ರ ದಶಕದಿಂದ ಉತ್ತಮ ಉಕ್ಕಿನಲ್ಲಿ ಹೊಸದಾಗಿ ತಯಾರಾದವು. ಇಶಾಪುರದ ಕೈಗೆ ಹೋಗಿಬಂದ ಎಷ್ಟೋ ಎಸ್‌ಎಂಎಲ್‌ಇಗಳ ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಇರುತ್ತದೆ. ಅದು ಮರ ಸೀಳದಂತೆ ಹಾಕಿದ ಬಲವರ್ಧನೆ, ದೋಷವಲ್ಲ.

ಡಿಪಿ ಎಂದು ಮುದ್ರೆ ಬಿದ್ದ ರೈಫಲ್ ಕವಾಯತಿಗೆ ಮಾತ್ರ, ಹೊಡೆಯಲು ಅಲ್ಲ. ನಳಿಗೆಯ ಸುತ್ತ ತಂತಿ ಬಿಗಿದದ್ದು ಗ್ರೆನೇಡ್ ಎಸೆದು ದಣಿದದ್ದು. .410 ಮಸ್ಕೆಟ್ ಆಗಿ ಪರಿವರ್ತಿಸಿದವು ಬೇರೆಯೇ ಜಾತಿ. ಈ ಮೂರನ್ನೂ ಮೊದಲ ರೈಫಲ್ ಆಗಿ ಕೊಳ್ಳಬೇಡಿ.

ಅಂಗಡಿಯ ಮೇಜಿನ ಮೇಲೆ ಹತ್ತು ನಿಮಿಷ

ಬೋಲ್ಟ್ ತೆಗೆದು, ತೋಟೆ ಕೂರುವ ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ. ಬೋಲ್ಟ್ ಹಿಡಿಕೆಯ ಹಿಂಭಾಗದ ನಂಬರ್ ರಿಸೀವರಿನ ನಂಬರಿಗೆ ತಾಳೆಯಾಗಬೇಕು. ನಂ.4ರಲ್ಲಿ ಅದು ಬಟ್ (ಭುಜಕ್ಕೆ ಆನಿಸುವ ಮರ) ಕೂರುವ ಕಬ್ಬಿಣದ ಎಡಬದಿಯಲ್ಲಿರುತ್ತದೆ. ತಾಳೆಯಾಗದಿದ್ದರೆ ಬೆಲೆ ಇಳಿಯುತ್ತದೆ ಎಂಬುದು ಚಿಕ್ಕ ಮಾತು. ಬೋಲ್ಟಿನ ಲಗ್ಗುಗಳನ್ನು (ರಿಸೀವರಿಗೆ ಸಿಕ್ಕಿ ಬೋಲ್ಟನ್ನು ಹಿಡಿದಿಡುವ ಹಲ್ಲುಗಳು) ಆ ರಿಸೀವರಿಗೇ ಅರದಿಂದ ಉಜ್ಜಿ ಕೂರಿಸಿರುತ್ತಾರೆ, ಬೇರೆ ಬೋಲ್ಟಿನಲ್ಲಿ ಒಂದೇ ಲಗ್ಗು ಇಡೀ ಒತ್ತಡ ಹೊರುವಂತಾಗಬಹುದು, ದೊಡ್ಡ ಮಾತು ಅದು.

ನಳಿಗೆಯೊಳಗೆ ಒಂದು ಬಿಗಿಯಾದ ಚಿಂದಿ ಎಳೆದ ಮೇಲೆಯೇ ಬೆಳಕು ಹಿಡಿದು ನೋಡಿ. ಗ್ರೀಸು ತುಂಬಿದ ನಳಿಗೆ ಕೆಟ್ಟದ್ದನ್ನು ಮುಚ್ಚುತ್ತದೆ, ಒಳ್ಳೆಯದನ್ನೂ ಮುಚ್ಚುತ್ತದೆ. ಐದು ಗಾಡಿ (ಗುಂಡನ್ನು ತಿರುಗಿಸುವ ಸುರುಳಿ ಕೊರೆತ) ಇದ್ದರೆ ಮಾಮೂಲು. ಯುದ್ಧಕಾಲದ ನಂ.4ರಲ್ಲಿ ಎರಡೇ ಗಾಡಿ ಕಂಡರೆ ಗಾಬರಿಯಾಗಬೇಡಿ, ಬೇಗ ತಯಾರಾಗಲೆಂದು ಹಾಗೆ ಮಾಡಿದ್ದು, ಚೆನ್ನಾಗಿಯೇ ಹೊಡೆಯುತ್ತದೆ. ಗಾಡಿಗಳ ತಳ ಮಂಜು ಕವಿದ ಗಾಜಿನಂತೆ ಮಬ್ಬಾಗಿದ್ದರೂ ಅಂಚು ಚೂಪಾಗಿದ್ದರೆ ಆ ನಳಿಗೆ ಬದುಕಿದೆ ಎಂದೇ ಅರ್ಥ. ಉದ್ದಕ್ಕೆ ಒಂದೆಡೆ ಕಪ್ಪು ಉಂಗುರದ ನೆರಳು ಕಂಡರೆ ಬಿಟ್ಟುಬಿಡಿ. ಅದು ಹಿಂದೆಂದೋ ಅಡ್ಡ ಸಿಕ್ಕಿದ್ದರ ಮೇಲೆ ಗುಂಡು ಹೊಡೆದು ನಳಿಗೆ ಉಬ್ಬಿದ ಗುರುತು.

ಮೂತಿಯ ಸವೆತ ನೋಡಲು ತೋಟೆಗೆ ಕೂರಿಸದ ಒಂದು ಬಿಡಿ ಗುಂಡು ಸಾಕು. ಮೊನೆ ಕೆಳಗಾಗಿ ಮೂತಿಗೆ ಇಳಿಬಿಡಿ. ಗುಂಡಿನ ಸ್ವಲ್ಪ ಭಾಗವಾದರೂ ಹೊರಗೆ ನಿಲ್ಲಬೇಕು. ಬುಡದವರೆಗೂ ನುಂಗಿಕೊಂಡರೆ, ವರ್ಷಗಟ್ಟಲೆ ನಳಿಗೆ ಒರೆಸುವ ಪುಲ್‌ಥ್ರೂ ಹಗ್ಗವನ್ನು ಓರೆಯಾಗಿ ಎಳೆದು ಮೂತಿ ತಿಂದುಹೋಗಿದೆ ಎಂದರ್ಥ.

ಬೋಲ್ಟನ್ನು ಜೋರಾಗಿ ಮುಚ್ಚಿ, ಬಟ್ಟನ್ನು ರಬ್ಬರ್ ಚಾಪೆಗೆ ಕುಟ್ಟಿ. ಕಾಕಿಂಗ್ ಪೀಸ್ (ಬೋಲ್ಟಿನ ಹಿಂತುದಿಯಲ್ಲಿ ಫೈರಿಂಗ್ ಪಿನ್ನಿಗೆ ಸೇರಿದ ತುಂಡು) ಬೀಳಬಾರದು. ಸೇಫ್ಟಿ ಹಾಕಿದಾಗ ಬೋಲ್ಟ್ ಹಿಡಿಕೆ ಮೇಲೇಳಬಾರದು, ಟ್ರಿಗರ್ ಒತ್ತಿ ಬಿಟ್ಟು ಸೇಫ್ಟಿ ತೆಗೆದಾಗಲೂ ಕಾಕಿಂಗ್ ಪೀಸ್ ಬೀಳಬಾರದು. ಎಳೆತ ಎರಡು ಹಂತದ್ದು. ಮೊದಲದ್ದು 3-4 ಪೌಂಡ್, ಎರಡನೆಯದು 5ರಿಂದ 6.5 ಪೌಂಡ್. ಒಂದೇ ಹಂತವಾಗಿ ಸಡಿಲವಾಗಿ ಜಾರಿದರೆ ಯಾರೋ ಅರ ಹಾಕಿದ್ದಾರೆ.

ಬಿಚ್ಚುವ ಕ್ರಮ: ಮೊದಲ ಸಂಜೆ

ಅಗಲ ತಲೆಯ, ಸ್ಕ್ರೂ ಗಾಡಿಗೆ ಇಕ್ಕಟ್ಟಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಮನೆಯ ಸಾಮಾನ್ಯದ್ದು ಜಾರಿ ಸ್ಕ್ರೂವಿನ ತಲೆ ಕೆಡಿಸುತ್ತದೆ.

ನಂ.4ರಲ್ಲಿ ತೋಟೆ ತುಂಬುವ ಮ್ಯಾಗಜಿನ್ ತೆಗೆಯಿರಿ. ಹಿಂಬದಿ ಸೈಟನ್ನು ಎತ್ತಿ ನಿಲ್ಲಿಸಿ, ಬೋಲ್ಟನ್ನು ಹಿಂದಕ್ಕೆಳೆದು, ಬಲಗಡೆಯ ಕ್ಯಾಚ್ ಒತ್ತಿ ಬೋಲ್ಟ್ ಹೆಡ್ಡನ್ನು ಮೇಲಕ್ಕೆ ತಿರುಗಿಸಿ ಎಳೆದರೆ ಬೋಲ್ಟ್ ಹೊರಬರುತ್ತದೆ. ಆಮೇಲೆ ಮುಂದಿನ ಪಟ್ಟಿ, ನಡುವಿನ ಪಟ್ಟಿ, ಮೇಲುಮರ, ಟ್ರಿಗರ್ ಗಾರ್ಡಿನ ಸ್ಕ್ರೂಗಳು. ಕೊನೆಗೆ ಮುಂಭಾಗದ ಮರವನ್ನು ಎರಡೂ ಕೈಯಲ್ಲಿ ಹಿಡಿದು ಸಮನಾಗಿ ಕೆಳಕ್ಕೆ ಬಿಡಿಸಿ. ಒಂದು ತುದಿ ಹಿಡಿದು ಮೀಟಿದರೆ ಹಿಂಗೊನೆ ಸೀಳುತ್ತದೆ.

ನಂ.1ರ ವಿಷಯದಲ್ಲಿ ಒಂದು ಎಚ್ಚರ ಎಲ್ಲಕ್ಕಿಂತ ದೊಡ್ಡದು. ಮುಂಭಾಗದ ಮರ ಬಿಚ್ಚದೆ ಬಟ್ಟನ್ನು ಬಿಗಿಯುವ, ಅದರೊಳಗಿನ ಉದ್ದ ಬೋಲ್ಟನ್ನು ತಿರುಗಿಸಲೇಬೇಡಿ. ಆ ಬೋಲ್ಟಿನ ತುದಿ ಚೌಕಾಕಾರ. ಅದು ಮುಂಭಾಗದ ಮರದಲ್ಲಿರುವ ಪುಟ್ಟ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅರ್ಧ ಸುತ್ತು ತಿರುಗಿಸಿದರೂ ನೂರು ವರ್ಷದ ವಾಲ್ನಟ್ ಮರ ಚಟ್ಟನೆ ಸೀಳುತ್ತದೆ. ಮಾರಾಟಕ್ಕೆ ಬರುವ ಎಸ್‌ಎಂಎಲ್‌ಇಗಳಲ್ಲಿ ಕಾಣುವ ಸೀಳುಗಳಲ್ಲಿ ಎಷ್ಟೋ ಹೀಗೇ ಆದವು. ನಂ.1ರ ಮೂತಿಯ ಬಳಿ ನಳಿಗೆಯನ್ನು ಮೇಲಕ್ಕೆ ಒತ್ತುವ ಒಂದು ಚಿಕ್ಕ ಸ್ಟಡ್ಡೂ ಸ್ಪ್ರಿಂಗೂ ಇವೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ. ಅವು ಕಳೆದರೆ ಗುರಿ ಚದುರುತ್ತದೆ.

ಗ್ರೀಸು ತೆಗೆಯಲು ಮಿನರಲ್ ಸ್ಪಿರಿಟ್ಸ್, ಹಳೆಯ ಟೂತ್‌ಬ್ರಷ್, ಚಿಂದಿ. ಪೆಟ್ರೋಲ್ ಬೇಡ, ಅದರ ಹಬೆಗೆ ಒಂದು ಕಿಡಿ ಸಾಕು. ಮರಕ್ಕೆ ಮರಳು ಕಾಗದ ತಾಗಿಸಬೇಡಿ, ಅದರ ಮೇಲಿನ ಮುದ್ರೆಗಳೇ ಆ ರೈಫಲಿನ ಜಾತಕ. ಮರ ಒಣಗಿದ್ದರೆ ಅಗಸೆ ಎಣ್ಣೆಯ ಕೆಲವೇ ಹನಿ ಅಂಗೈಗೆ ಹಾಕಿಕೊಂಡು, ಅಂಗೈ ಬಿಸಿಯಾಗುವವರೆಗೆ ಉಜ್ಜಿ, ಒಂದು ರಾತ್ರಿ ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಗೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿಯೇ ಬೆಂಕಿ ಹತ್ತುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ.

ಜೋಡಿಸುವಾಗ ಗಮನವೆಲ್ಲ ಮುಂಭಾಗದ ಮರದ ಹಿಂಗೊನೆಯ ಮೇಲಿರಲಿ. ರಿಸೀವರ್ ಒದ್ದಾಗ ಏಟು ತಡೆಯುವುದು ಅಲ್ಲಿನ ಎರಡು ಪುಟ್ಟ ಮುಖಗಳು. ಅಲ್ಲಿ ಆಟವಿದ್ದರೆ ಪ್ರತಿ ಈಡಿಗೂ ಮರ ಸರಿದು ಗುರಿಹಲಗೆಯ ಮೇಲೆ ಗುಂಡುಗಳ ಗುಂಪು ಅಗಲವಾಗುತ್ತದೆ, ಕೊನೆಗೆ ಸೀಳುತ್ತದೆ. ನಂ.4ರಲ್ಲಿ ಮರದ ಮುಂಗೊನೆ ನಳಿಗೆಯನ್ನು 2ರಿಂದ 7 ಪೌಂಡ್ ಬಲದಿಂದ ಮೇಲಕ್ಕೆ ಒತ್ತುತ್ತಿರಬೇಕು. ನಳಿಗೆಯನ್ನು ಬೆರಳಿನಿಂದ ಮೇಲೆತ್ತಿ ಬಿಟ್ಟರೆ ಅದು ಮತ್ತೆ ಬಂದು ಮರದ ಮೇಲೆ ಕೂರುವುದು ತಿಳಿಯುತ್ತದೆ. ನಳಿಗೆ ಗಾಳಿಯಲ್ಲಿ ತೇಲುತ್ತಿದ್ದರೆ ಮರ ಸೊಟ್ಟಗಾಗಿದೆ.

ಹೆಡ್‌ಸ್ಪೇಸ್: ಎರಡನೆಯ ಸಂಜೆ

.303 ತೋಟೆಗೆ ಬುಡದಲ್ಲಿ ಅಂಚು ಉಂಟು. ಚೇಂಬರಿನಲ್ಲಿ ತೋಟೆಯನ್ನು ತಡೆದು ನಿಲ್ಲಿಸುವುದು ಆ ಅಂಚೇ. ಬೋಲ್ಟಿನ ಮುಖಕ್ಕೂ ನಳಿಗೆಯ ಹಿಂಬದಿಗೂ ನಡುವೆ ಆ ಅಂಚಿಗೆ ಸಿಗುವ ಜಾಗವೇ ಇಲ್ಲಿ ಹೆಡ್‌ಸ್ಪೇಸ್. ಜಾಗ ಹೆಚ್ಚಾದರೆ ಹೊಡೆದಾಗ ತೋಟೆಯ ಮುಂಭಾಗ ಚೇಂಬರಿನ ಗೋಡೆಗೆ ಅಂಟುತ್ತದೆ, ಬುಡ ಹಿಂದಕ್ಕೆ ಸರಿಯುತ್ತದೆ, ನಡುವೆ ಹಿತ್ತಾಳೆ ಜಗ್ಗಿ ತೆಳುವಾಗುತ್ತದೆ.

ಅಳೆಯಲು ಎರಡು ಗೇಜ್ ಬೇಕು. 0.064 ಇಂಚಿನ ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು. ಸೈನ್ಯದ ಗರಿಷ್ಠ ಮಿತಿಯಾದ 0.074ರ ಮೇಲೆ ಮುಚ್ಚಬಾರದು. ಎಕ್ಸ್‌ಟ್ರ್ಯಾಕ್ಟರ್ (ಖಾಲಿ ತೋಟೆ ಹೊರಗೆಳೆಯುವ ಕೊಕ್ಕೆ) ಬಿಚ್ಚಿ, ಗೇಜನ್ನೂ ಚೇಂಬರನ್ನೂ ಒರೆಸಿ, ಒಂದೇ ಬೆರಳಿನ ಒತ್ತಡದಲ್ಲಿ ಹಿಡಿಕೆ ಇಳಿಸಿ. ಬಲ ಹಾಕಿದರೆ ತಪ್ಪು ಉತ್ತರ ಬರುವುದಷ್ಟೇ ಅಲ್ಲ, ಲಗ್ಗಿಗೂ ಪೆಟ್ಟು. 0.067ರ ವಾಣಿಜ್ಯ ನೋ-ಗೋ ಗೇಜಿನ ಮೇಲೆ ಮುಚ್ಚಿಕೊಂಡ ಮಾತ್ರಕ್ಕೆ ಸೈನ್ಯದ ರೈಫಲ್ ಕೆಟ್ಟಿತೆಂದು ಎಸೆಯಬೇಕಿಲ್ಲ, ಅದರ ಅಳತೆಗೋಲೇ ಬೇರೆ.

ನಂ.4ರಲ್ಲಿ ಹೆಡ್‌ಸ್ಪೇಸ್ ಮೀರಿದ್ದರೆ ಬೋಲ್ಟ್ ಹೆಡ್ ಬದಲಿಸಿದರಾಯಿತು. 0, 1, 2, 3 ಎಂದು ನಾಲ್ಕು ಅಳತೆ, ಅಂಕಿ ಏರಿದಂತೆ ಉದ್ದ ಹೆಚ್ಚು. ಅಂಕಿಯನ್ನಷ್ಟೇ ನಂಬಬೇಡಿ. ಸವೆದ 2 ಹೊಸ 1ಕ್ಕಿಂತ ಗಿಡ್ಡವಿರಬಹುದು, ಮೈಕ್ರೋಮೀಟರಿನಲ್ಲಿ ಅಳೆಯಿರಿ. ತಿರುಗಿಸಿ ಬಿಗಿದಾಗ ಹೆಡ್ಡಿನ ಚಾಚು ಬೋಲ್ಟಿನ ಉದ್ದಪಟ್ಟಿಯ ನೇರಕ್ಕೆ ಬರಬೇಕು. ಸುಮಾರು 20 ಡಿಗ್ರಿಗಿಂತ ಹೆಚ್ಚು ದಾಟಿ ತಿರುಗಿದರೆ ಆ ಹೆಡ್ ಬೇಡ. ನಂ.1ಕ್ಕೆ ಅಂಕಿ ಹಾಕಿದ ಹೆಡ್‌ಗಳಿಲ್ಲ. ಸರಿಯಾದದ್ದು ಸಿಗುವವರೆಗೆ ಒಂದೊಂದಾಗಿ ಹಾಕಿ ನೋಡಬೇಕು, ಹಾಗಾಗಿ ಈ ಕೆಲಸ ಗನ್‌ಸ್ಮಿತ್‌ಗೆ ಬಿಡುವುದು ಲೇಸು.

ಫೈರಿಂಗ್ ಪಿನ್ ಬೋಲ್ಟಿನ ಮುಖದಿಂದ 0.040ರಿಂದ 0.050 ಇಂಚು ಹೊರಚಾಚಿರಬೇಕು. ಕಡಿಮೆಯಾದರೆ ತೋಟೆ ಹೊಡೆಯದು, ಹೆಚ್ಚಾದರೆ ತೋಟೆಯ ಬುಡದಲ್ಲಿ ಕಿಡಿ ಕೊಡುವ ಪ್ರೈಮರ್ ತೂತು ಬಿದ್ದು ಅನಿಲ ಹಿಂದಕ್ಕೆ ಬರುತ್ತದೆ.

ತೋಟೆ

ಮೂಲ ಮಾರ್ಕ್ 7 ತೋಟೆಯ ಗುಂಡಿನ ತೂಕ 174 ಗ್ರೇನ್ (ಸುಮಾರು 11.3 ಗ್ರಾಂ), ವೇಗ ಸೆಕೆಂಡಿಗೆ 2,440 ಅಡಿ, ಬುಡ ಚಪ್ಪಟೆ. ಹೊಸ ತೋಟೆ ಬೇಕೆಂದರೆ ಸರ್ಬಿಯಾದ ಪಿಪಿಯು, ಚೆಕ್ ದೇಶದ ಸೆಲಿಯರ್ ಅಂಡ್ ಬೆಲೊ ಸಿಗುತ್ತವೆ. ಎರಡೂ ನಳಿಗೆಗೆ ತುಕ್ಕು ತರುವುದಿಲ್ಲ.

ಗುಂಡಿನ ಬುಡದ ಆಕಾರವನ್ನು ಕಡೆಗಣಿಸಬೇಡಿ. ಎಷ್ಟೋ ಹಳೆಯ ನಳಿಗೆಗಳ ಗಾಡಿಯ ವ್ಯಾಸ 0.314 ಇಂಚನ್ನೂ ದಾಟಿರುತ್ತದೆ, ಕಾರ್ಡೈಟ್ ಮದ್ದಿನ ಕಾವಿಗೆ ಚೇಂಬರಿನ ಮುಂದಿನ ಭಾಗ ತಿಂದುಹೋಗಿರುತ್ತದೆ. ಚಪ್ಪಟೆ ಬುಡದ ಗುಂಡು ಹಿಂದಿನ ಒತ್ತಡಕ್ಕೆ ಅಗಲವಾಗಿ ಗಾಡಿಗಳನ್ನು ತುಂಬುತ್ತದೆ. ಹಡಗಿನ ಹಿಂಬದಿಯಂತೆ ಕಿರಿದಾಗುವ ಬುಡ ಹಾಗೆ ಅಗಲವಾಗದು, ಸುತ್ತಲಿಂದ ಅನಿಲ ನುಗ್ಗುತ್ತದೆ. ಒಳ್ಳೆಯ ನಳಿಗೆಯಲ್ಲಿ ಎರಡೂ ಒಂದೇ. ಸವೆದದ್ದರಲ್ಲಿ ಒಂದು ನಾಲ್ಕು ಇಂಚಿನ ಗುಂಪು ಕೊಟ್ಟರೆ ಇನ್ನೊಂದು ಹನ್ನೆರಡು ಇಂಚಿಗೆ ಚದುರಬಹುದು. ರೈಫಲನ್ನು ಬೈಯುವ ಮುಂಚೆ ಚಪ್ಪಟೆ ಬುಡದ 174 ಅಥವಾ 180 ಗ್ರೇನ್ ಗುಂಡನ್ನು ಹೊಡೆದು ನೋಡಿ.

ಹಳೆಯ ಸೈನ್ಯದ ತೋಟೆ ಅಗ್ಗಕ್ಕೆ ಸಿಕ್ಕರೆ ಬುಡದ ಮುದ್ರೆ ಓದಿ. ಗ್ರೀಸ್ ದೇಶದ ಎಚ್‌ಎಕ್ಸ್‌ಪಿ ಒಳ್ಳೆಯದು, ತುಕ್ಕು ತರದು. ಕೆಎಫ್ ಎಂದರೆ ಪುಣೆಯ ಬಳಿಯ ಖಡ್ಕಿ, ಅದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಏರುಪೇರು. ಪಿಒಎಫ್ ಎಂದರೆ ಪಾಕಿಸ್ತಾನ, ಅದರಲ್ಲಿ ತಡವಾಗಿ ಸಿಡಿಯುವ ತೋಟೆಗಳು ಹೆಚ್ಚು. ‘ಕ್ಲಿಕ್’ ಎಂದು ಸದ್ದಾಗಿ ಗುಂಡು ಹಾರದಿದ್ದರೆ ಮೂತಿಯನ್ನು ಗುರಿಯ ಕಡೆಯೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ತಕ್ಷಣ ಬೋಲ್ಟ್ ತೆರೆದರೆ ತೋಟೆ ನಿಮ್ಮ ಮುಖದ ಪಕ್ಕ ಸಿಡಿಯಬಹುದು.

ಮೊದಲ ಈಡು

ಚೇಂಬರಿನಲ್ಲಿ ಎಣ್ಣೆಯ ಪಸೆ ಇರಬಾರದು. ಹಿತ್ತಾಳೆ ಒಣ ಗೋಡೆಯನ್ನು ಕಚ್ಚಿ ಹಿಡಿದಾಗ ಒದೆತದ ಒಂದು ಪಾಲು ಅಲ್ಲೇ ನಿಲ್ಲುತ್ತದೆ. ಎಣ್ಣೆ ಇದ್ದರೆ ಜಾರಿ ಪೂರ್ತಿ ಒದೆತ ಬೋಲ್ಟಿಗೆ ಬೀಳುತ್ತದೆ. ಲೀ-ಎನ್‌ಫೀಲ್ಡಿನ ಲಗ್ಗುಗಳು ಬೋಲ್ಟಿನ ಹಿಂಭಾಗದಲ್ಲಿರುವುದರಿಂದ ಒದೆತಕ್ಕೆ ಇಡೀ ಬೋಲ್ಟ್ ಕುಗ್ಗುತ್ತದೆ, ರಿಸೀವರ್ ಹಿಗ್ಗುತ್ತದೆ. ಹಾಗಾಗಿ ಇಲ್ಲಿ ಈ ನಿಯಮ ಇನ್ನಷ್ಟು ಮುಖ್ಯ.

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. ಮೊದಲ ತೋಟೆಯನ್ನು ರೇಂಜಿನವರ ಅನುಮತಿ ಪಡೆದು, ರೈಫಲನ್ನು ಹಳೆಯ ಟೈರಿಗೆ ಬಿಗಿದು, ಉದ್ದ ಹಗ್ಗದಿಂದ ಟ್ರಿಗರ್ ಎಳೆದು ಹೊಡೆಯಿರಿ. ಮ್ಯಾಗಜಿನ್ನಿಗೆ ಒಂದೇ ತೋಟೆ ಹಾಕಿ. ಆಮೇಲೆ ಖಾಲಿ ತೋಟೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಬುಡದ ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ, ಸುತ್ತಲೂ ಉಗುರಿನಿಂದ ಗೀರಿದಂಥ ಹೊಳೆಯುವ ಉಂಗುರ ಕಾಣುತ್ತದೆಯೇ? ಹಿತ್ತಾಳೆ ಜಗ್ಗಿದ್ದು ಅಲ್ಲೇ. ಪೇಪರ್ ಕ್ಲಿಪ್ಪಿನ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗೋಡೆಯ ಮೇಲೆ ಎಳೆಯಿರಿ. ಅದೇ ಜಾಗದಲ್ಲಿ ತಗ್ಗಿಗೆ ಬಿದ್ದಂತಾದರೆ ಹೊಡೆಯುವುದನ್ನು ನಿಲ್ಲಿಸಿ, ರೈಫಲ್ ಗನ್‌ಸ್ಮಿತ್ ಬಳಿಗೆ ಹೋಗಲಿ. ಖಾಲಿ ತೋಟೆಯ ಭುಜ ಸ್ವಲ್ಪ ಮುಂದಕ್ಕೆ ಉಬ್ಬಿರುವುದು ಮಾತ್ರ ಮಾಮೂಲು. ಕೆಸರು ಮೆತ್ತಿದ ತೋಟೆಯೂ ಒಳಹೋಗಲೆಂದು ಸೈನ್ಯ ಚೇಂಬರನ್ನು ಸಡಿಲವಾಗಿಯೇ ಕೊರೆಸಿತ್ತು.

ಮ್ಯಾಗಜಿನ್ 10 ತೋಟೆಯದು. ತುಂಬುವುದು ಮೇಲಿನಿಂದ, ಐದು ತೋಟೆ ಹಿಡಿಯುವ ಚಾರ್ಜರ್ ಪಟ್ಟಿಯಿಂದ ಅಥವಾ ಒಂದೊಂದಾಗಿ. ಪ್ರತಿ ತೋಟೆಯ ಅಂಚು ಕೆಳಗಿನ ತೋಟೆಯ ಅಂಚಿನ ಮುಂದೆ ಬರಬೇಕು. ಹಿಂದೆ ಬಿದ್ದರೆ ಮೇಲಿನ ತೋಟೆ ಮುಂದೆ ಸರಿಯುವಾಗ ಕೆಳಗಿನದನ್ನು ಕೊಕ್ಕೆ ಹಾಕಿ ಎಳೆದು ಎರಡೂ ಸಿಕ್ಕಿಕೊಳ್ಳುತ್ತವೆ. ಬೋಲ್ಟಿಗೆ ಬಲ ಹಾಕಿದರೆ ಇನ್ನೂ ಬಿಗಿಯಾಗುತ್ತದೆ. ಬೋಲ್ಟ್ ಹಿಂದೆಳೆದು ಮ್ಯಾಗಜಿನ್ ತೆಗೆದು ಬಿಡಿಸಿ. ಹಾಗೆಂದು ಪ್ರತಿ ಸಲ ಮ್ಯಾಗಜಿನ್ ತೆಗೆದು ತುಂಬುವ ರೂಢಿ ಬೇಡ, ಅದರ ತುಟಿಗಳು ಬಗ್ಗಿದರೆ ತೋಟೆ ನೆಟ್ಟಗೆ ಏರದು.

ಗುರಿ ಕೂರಿಸುವುದು

ನಂ.4ರ ಮಡಚುವ ಸೈಟಿನಲ್ಲಿ 300 ಮತ್ತು 600 ಗಜದ ಎರಡೇ ರಂಧ್ರ. 300ರ ರಂಧ್ರದಲ್ಲಿ 100 ಗಜಕ್ಕೆ ಹೊಡೆದರೆ ಗುಂಡು ಸುಮಾರು 6 ಇಂಚು ಮೇಲೆ ಬೀಳುವುದು ಸಹಜ. ಅದನ್ನು ದೋಷವೆಂದು ತಿದ್ದಲು ಹೊರಡಬೇಡಿ. 200 ಗಜದಿಂದ ಮೇಲಕ್ಕೆ ಏರಿಳಿಸಬಹುದಾದ ಸೈಟ್ ಇದ್ದರೆ ಅನುಕೂಲ.

ಉಳಿದ ವ್ಯತ್ಯಾಸ ಮುಂದಿನ ಸೈಟಿನ ಎಲೆಯಲ್ಲಿ ಸರಿಯಾಗುತ್ತದೆ. ಎಲೆಗಳು 0.015 ಇಂಚಿನ ಅಂತರದಲ್ಲಿ ಬೇರೆ ಬೇರೆ ಎತ್ತರಕ್ಕೆ ಸಿಗುತ್ತವೆ. ನಂ.4ರಲ್ಲಿ ಎರಡು ಸೈಟಿನ ನಡುವಿನ ದೂರ ಸುಮಾರು 28.7 ಇಂಚು, ಆದ್ದರಿಂದ ಒಂದು ಮೆಟ್ಟಿಲಿಗೆ 100 ಗಜದಲ್ಲಿ ಸುಮಾರು 1.9 ಇಂಚು ವ್ಯತ್ಯಾಸ. ಗುಂಡು ಮೇಲೆ ಬಿದ್ದರೆ ಎತ್ತರದ ಎಲೆ, ಕೆಳಗೆ ಬಿದ್ದರೆ ಗಿಡ್ಡ ಎಲೆ. ಅಡ್ಡ ಸರಿಸುವುದಾದರೆ ಗುಂಡು ಬಿದ್ದ ಕಡೆಗೇ ಎಲೆಯನ್ನು ಸರಿಸಿ. ಐದೈದು ಈಡಿನ ಮೂರು ಗುಂಪು ನೋಡಿದ ಮೇಲೆಯೇ ಕೈ ಹಾಕಿ. 100 ಗಜದಲ್ಲಿ 3-4 ಇಂಚಿನ ಗುಂಪು ಬಂದರೆ ಆ ರೈಫಲ್ ಆರೋಗ್ಯವಾಗಿದೆ.

ತೊಳೆಯುವುದು

ಹಳೆಯ ಪ್ರೈಮರುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇತ್ತು. ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ಅದು ಗಾಳಿಯ ತೇವ ಹೀರಿ ರಾತ್ರಿ ಬೆಳಗಾಗುವುದರಲ್ಲಿ ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಬರೀ ಎಣ್ಣೆ ಹಾಕಿ ಒರೆಸಿದರೆ ಉಪ್ಪಿನ ಮೇಲೆ ಎಣ್ಣೆ ಬಳಿದಂತಾಯಿತು, ತುಕ್ಕು ಅಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ.

ಹೊಡೆದ ದಿನವೇ ಬೋಲ್ಟ್ ತೆಗೆದು, ಚೇಂಬರಿಗೆ ಕೊಳವೆಯ ಲಾಳಿಕೆ ಇಟ್ಟು, ಒಂದೆರಡು ಲೀಟರ್ ಕುದಿಯುವ ನೀರನ್ನು ಮೂತಿಯಿಂದ ಹರಿದುಹೋಗುವಂತೆ ಸುರಿಯಿರಿ. ನೀರು ಮರದೊಳಗೆ ಇಳಿಯದಂತೆ ಮೂತಿ ಕೆಳಗಿರಲಿ. ಬಿಸಿಯಾದ ಉಕ್ಕು ತಾನೇ ಒಣಗುತ್ತದೆ. ಆಮೇಲೆ ಚಿಂದಿ ಬೆಳ್ಳಗೆ ಬರುವವರೆಗೆ ಎಳೆದು, ತೆಳುವಾಗಿ ಎಣ್ಣೆ ಹಚ್ಚಿ. ರಾಡ್ ಬಳಸುವುದಾದರೆ ಚೇಂಬರಿನ ಕಡೆಯಿಂದಲೇ. ಬೋಲ್ಟಿನ ಮುಖ, ಎಕ್ಸ್‌ಟ್ರ್ಯಾಕ್ಟರಿನ ಸಂದು, ಫೈರಿಂಗ್ ಪಿನ್ನಿನ ತುದಿ ಇವುಗಳಿಗೂ ಬಿಸಿನೀರಿನ ಬಟ್ಟೆ ತಾಗಬೇಕು. ನಳಿಗೆ ಥಳಥಳ ಹೊಳೆಯುತ್ತಿದ್ದು ಬೋಲ್ಟಿನ ಮುಖ ತುಕ್ಕು ತಿಂದ ರೈಫಲುಗಳು ಬೇಕಾದಷ್ಟಿವೆ.

ಸ್ಪಂಜು ತುಂಬಿದ ಪೆಟ್ಟಿಗೆಯಲ್ಲಿ ಇಡಬೇಡಿ, ಸ್ಪಂಜು ತೇವ ಹಿಡಿಯುತ್ತದೆ. ಬೀಗವಿರುವ ಕಪಾಟಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಬಟ್ಟಿನ ಮರಕ್ಕೆ ಇಳಿಯದು. ಮೂರನೆಯ ದಿನ ಇನ್ನೊಂದು ಬಿಳಿ ಚಿಂದಿ ಎಳೆದು ನೋಡಿ. ಕಿತ್ತಳೆ ಬಣ್ಣ ಅಂಟಿ ಬಂದರೆ ಉಪ್ಪು ಇನ್ನೂ ಉಳಿದಿದೆ, ಮತ್ತೆ ನೀರು ಕಾಯಿಸಿ.